ಬಣ್ಣ ಹಚ್ಚದ ಕಪಾಟು

ಚಿತ್ರದುರ್ಗದಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನಿಂದ ಹೆಸರಿದೆ. ಮಠದ ಕಾರ್ಯಗಳಿಗೆ ಮೊದಲ ಕರೆ ಬರುವುದು ನಮ್ಮ ಮನೆಗೇ. ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಮಾತು ಅರ್ಥವಾಗಲೆಂದು ಹೇಳುತ್ತಿದ್ದೇನೆ.

ಈ ವರ್ಷ ಅಡುಗೆಮನೆ, ನಡುಮನೆ ರಿಪೇರಿ ಮಾಡಿಸಿದೆವು. ಈಗ ಎಲ್ಲರೂ ಕಪಾಟಿಗೆ ಹೊಳೆಯುವ ಹಸಿರು ಪೇಂಟು ಹೊಡೆಸುತ್ತಾರೆ. ಸ್ವಲ್ಪ ಕಾಲಕ್ಕೆ ಅದು ಹಳತಾಗುತ್ತದೆ. ಹೊನ್ನೆ ಮರ ಹಾಗಲ್ಲ. ನಾನು ಓದಿದ ಕಾನ್ವೆಂಟಿನ ಮೇಜುಗಳಂತೆ ವಯಸ್ಸಾದಷ್ಟೂ ಅದರ ಬಣ್ಣ ಗಾಢವಾಗುತ್ತದೆ. ನಾನೇ ಹಿರಿಯೂರಿಗೆ ಹೋಗಿ ಹಲಗೆ ಆರಿಸಿದೆ. ಅಗಸೆ ಎಣ್ಣೆಯೊಂದೇ ಸಾಕೆಂದು ಬಡಗಿಗೆ ಹೇಳಿದೆ. ಗೋಡೆಗೆ ಬರೀ ಸುಣ್ಣದ ಬಿಳುಪು.

ಕೆಲಸ ಮುಗಿದ ಮೇಲೆ ಹೊಳಲ್ಕೆರೆಯಿಂದ ಬೀಗರು, ಅಂದರೆ ನನ್ನ ಮಗಳ ಮಾವ, ಬಂದರು. ಕಪಾಟಿನ ಬಾಗಿಲು ಸವರಿ ನೋಡಿ, ಊಟ ಮಾಡಿ ಹೋದರು. ಮುಂದಿನ ವಾರ ಎರಡು ಡಬ್ಬಿ ಹಸಿರು ಪೇಂಟು ಹಿಡಿದು ಮತ್ತೆ ಬಂದರು. ನಡುಮನೆಯಲ್ಲಿ ಕುಳಿತಿದ್ದ ನೆಂಟರ ಮುಂದೆಯೇ ನನಗೆ ಹೇಳಿದರು:

"ದುಡ್ಡಿಗೆ ಕೈ ಬಿಗಿ ಐತೆ ಅಂತ ಒಂದ್ ಮಾತು ಹೇಳ್ಬಾರ್ದೇನ್ರಿ ತಾಯಿ? ನಾವೇನ್ ಹೊರಗಿನೋರಾ?"

"ಬಣ್ಣ ಬೇಡವೆಂದು ನಾನೇ ಹೇಳಿದ್ದು. ಇದು ಹೊನ್ನೆ."

"ಹೌದ್ರಿ, ಹೌದ್ರಿ. ಕೇಳ್ದೋರಿಗೆ ಹಂಗೇ ಹೇಳ್ರಿ. ನಮ್ಮನೇಲಿ ಯಾರೂ ಬಾಯಿ ಬಿಡಲ್ಲ. ನಿಮ್ಮ ಮಗಳಿಗೂ ಹೇಳೀನಿ."

ಅಂದರೆ ಮಗಳ ಮುಂದೆ ಈ ಮಾತು ಆಗಲೇ ಆಗಿದೆ. ಅವರ ಮನಸ್ಸು ಒಳ್ಳೆಯದು, ಬಲ್ಲೆ. ಕಷ್ಟವಿರುವುದೇ ಅಲ್ಲಿ. ಚುಚ್ಚಿ ಮಾತಾಡುವವರಿಗೆ ಉತ್ತರ ಕೊಡಬಹುದು. ಕನಿಕರ ಪಡುವವರಿಗೆ ಏನು ಹೇಳಿದರೂ ಸಬೂಬಿನಂತೆ ಕೇಳುತ್ತದೆ.

ಡಬ್ಬಿಗಳನ್ನು ಬಸ್ಸಿನಲ್ಲಿ ವಾಪಸು ಕಳಿಸಿದ್ದೇನೆ. ಬೀಗರು ನನ್ನ ಮಗಳ ಎದುರಿಗೇ ನನ್ನಲ್ಲಿ ಕ್ಷಮೆ ಕೇಳಬೇಕು.