ಫ್ಯಾಷನ್ ಶಾಲೆಗೆ ತಿಪ್ಪೇರುದ್ರಮ್ಮ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರ ತಂಗಿ ತಿಪ್ಪೇರುದ್ರಮ್ಮ. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಬಟ್ಟೆ ಎಂದರೆ ಆಕೆಗೆ ಜೀವ. ಮದುವೆ ಮನೆಗೆ ಹೋದರೆ ಊಟ ಮರೆತು ಮೊಳಕಾಲ್ಮೂರು ಸೀರೆಗಳ ಅಂಚು, ಸೆರಗು ನೋಡುತ್ತಾ ನಿಂತುಬಿಡುವರು. ಅಣ್ಣನ ಮಗಳು ದೀಪಿಕಾಳಿಗೆ ಲಂಗದಿಂದ ಚೂಡಿದಾರದವರೆಗೆ ಹೊಲಿದುಕೊಟ್ಟವರೂ ಆಕೆಯೇ.

೧೯೯೯ರಲ್ಲಿ ಪಿಯುಸಿ ಮುಗಿಸಿದ ದೀಪಿಕಾ, ಫ್ಯಾಷನ್ ಡಿಸೈನಿಂಗನ್ನೇ ಓದುತ್ತೇನೆಂದು ಹಟ ಹಿಡಿದಳು.

“ಅದೆಂಥ ಓದೋ, ನಂಗೊಂದೂ ತಿಳಿಯಲ್ಲ. ಬಟ್ಟೆ ವಿಷ್ಯ ನಿಂಗೆ ಗೊತ್ತೈತೆ. ಇವಳ್ನ ಕರ್ಕೊಂಡೋಗಿ ಕಾಲೇಜು ನೋಡ್ಕೊಂಡ್ ಬಾ ತಾಯಿ” ಎಂದು ಜಂಬುಲಿಂಗಪ್ಪ ತಂಗಿಯನ್ನೇ ಜೊತೆ ಮಾಡಿ ಕಳಿಸಿದರು.

ಬೆಂಗಳೂರಿನ ಕಾಲೇಜಿನಲ್ಲಿ ಗಾಜಿನ ಬಾಗಿಲು, ತಲೆಯಿಲ್ಲದ ಗೊಂಬೆಗಳು, ಗೋಡೆ ತುಂಬ ಫೋಟೋ. ದೀಪಿಕಾ ನಿಂತಲ್ಲೇ ಮನಸೋತಳು. ಆದರೆ ಕ್ಲಾಸುಗಳನ್ನು ತೋರಿಸಲು ಅವಳೊಬ್ಬಳನ್ನೇ ಕರೆದೊಯ್ದರು. ಅತ್ತೆ ಅಷ್ಟು ಹೊತ್ತೂ ಬಾಗಿಲ ಬಳಿಯ ಸೋಫಾದ ತುದಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದರು.

ವಾಪಸು ಬರುವಾಗ ದಾರಿ ಬಳಸಿ ದಾವಣಗೆರೆಗೂ ಹೋಗಿ, ಮಹಡಿ ಮೇಲಿನ ಒಂದು ಪುಟ್ಟ ಫ್ಯಾಷನ್ ಶಾಲೆ ನೋಡಿದರು. ಅಲ್ಲಿನ ನಿರ್ಮಲಾ ಮೇಡಂ ಇಬ್ಬರನ್ನೂ ಒಳಗೆ ಕರೆದರು. ಹುಡುಗಿಯರು ಕಾಗದದಲ್ಲಿ ರವಿಕೆಯ ಅಳತೆ ಕತ್ತರಿಸುತ್ತಿದ್ದರು. ತಿಪ್ಪೇರುದ್ರಮ್ಮ ಮೇಜು ಬಿಟ್ಟು ಕದಲಲಿಲ್ಲ.

“ನೀವೂ ಕತ್ತರಿಸಿ ನೋಡ್ರಿ” ಎಂದರು ಮೇಡಂ.

ಆಕೆ ಆಸೆಯಿಂದ ಕತ್ತರಿಸಿದರು. ಗಡಿಬಿಡಿಯಲ್ಲಿ ಎರಡೂ ತೋಳು ಬಲಗೈಯವೇ ಆದವು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಆಕೆಯೇ ನಕ್ಕರು. ಹೊರಡುವ ಮುನ್ನ ಮೆಲ್ಲಗೆ ಕೇಳಿದರು: “ಇಲ್ಲಿ ಸೇರೋಕೆ ವಯಸ್ಸು ಕೇಳ್ತಾರೇನ್ರಿ?” ಮರುಗಳಿಗೆಯೇ ನಾಚಿಕೊಂಡು, “ಸುಮ್ನೆ ಕೇಳ್ದೆ” ಎಂದರು.

ಅತ್ತೆ ತನಗಾಗಿ ಏನನ್ನಾದರೂ ಕೇಳಿದ್ದನ್ನು ದೀಪಿಕಾ ಅದುವರೆಗೆ ಕಂಡಿರಲಿಲ್ಲ.

ಮನೆಗೆ ಬಂದವಳೇ ಅಪ್ಪನೆದುರು ನಿಂತಳು. “ನಾನು ದಾವಣಗೆರೆಗೇ ಸೇರ್ತೀನಿ. ಅತ್ತೆನೂ ಸೇರ್ಬೇಕು.”

“ನಿಂಗೇನ್ ಹುಚ್ಚಾ? ಈ ವಯಸ್ಸಲ್ಲಿ ನಾ ಬ್ಯಾಗ್ ಹಾಕ್ಕೊಂಡ್ ಹೋದ್ರೆ ಊರೋರು ನಗ್ತಾರೆ” ಎಂದು ಅತ್ತೆ ಗದರಿದರು. “ನಿನ್ನ ಮನಸ್ಸೆಲ್ಲ ಬೆಂಗ್ಳೂರಲ್ಲೈತೆ. ಅಲ್ಲಿಗೇ ಹೋಗು.”

“ಅಲ್ಲಿ ನಿಮ್ಮನ್ನ ಬಾಗ್ಲಲ್ಲೇ ಕೂರಿಸಿದ್ರಲ್ಲ ಅತ್ತೆ.”

ಜಂಬುಲಿಂಗಪ್ಪ ತಂಗಿಯ ಕಡೆ ತಿರುಗಿದರು. “ನಗೋರು ನಗ್ಲಿ ಬಿಡವ್ವ. ಮಿಲ್ಲಿನ ಸದ್ದಲ್ಲಿ ನಂಗದು ಕೇಳ್ಸೋದೇ ಇಲ್ಲ” ಎಂದರು.

ದಾವಣಗೆರೆಯಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಓದಿದರು. ಇಡೀ ಕ್ಲಾಸಿಗೆ ಆಕೆ ಅತ್ತೆಯಾದರು. ಹೊಲಿಗೆ ಮೊದಲೇ ಪಳಗಿತ್ತು, ಚಿತ್ರ ಮಾತ್ರ ಕೈಗೆ ಹತ್ತಲಿಲ್ಲ. ಆಕೆ ಬರೆದ ಚೆಲುವೆಯರ ಮುಖಕ್ಕೆಲ್ಲ ಜಂಬುಲಿಂಗಪ್ಪನವರ ಹೋಲಿಕೆ! ಪರೀಕ್ಷೆ ಹತ್ತಿರವಾದಾಗ ದೀಪಿಕಾ ಕೈ ಹಿಡಿದು ತಿದ್ದಿಸಿದಳು.

ಓದು ಮುಗಿದ ಮೇಲೆ ದೀಪಿಕಾ ಬೆಂಗಳೂರಿನ ಗಾರ್ಮೆಂಟ್ಸ್ ಕಂಪನಿಯಲ್ಲಿ ಡಿಸೈನರ್ ಆದಳು. ತಿಪ್ಪೇರುದ್ರಮ್ಮ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮದುವೆ ರವಿಕೆಗಳ ಅಂಗಡಿ ಇಟ್ಟರು. ಗಡಿಯಾಚೆ ಆಂಧ್ರದ ರಾಯದುರ್ಗದ ಕಡೆಯ ಮದುವೆಯವರೂ ಹುಡುಕಿಕೊಂಡು ಬರತೊಡಗಿದರು. ಅವರ ಸಂಗಡ ಹರಟಿ ಹರಟಿ, ಆಕೆಗೆ ತೆಲುಗೂ ಬಾಯಿಗೆ ಬಂತು.