ಡಬ್ಬಿಗೆ ಗಾಳಿ ಕೊಡುವ ಈಶ್ವರಮ್ಮ

ಬೆಳಿಗ್ಗೆ ಐದೂವರೆ. ಭದ್ರಾವತಿ ನ್ಯೂ ಟೌನ್‌ನ ಕ್ವಾರ್ಟರ್ಸ್ ಒಂದರಲ್ಲಿ, ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಈಶ್ವರಮ್ಮ ತಗಡಿನ ಡಬ್ಬಿಯೊಂದರ ತಿರುಪು ಬಿಚ್ಚಿ ಮುಚ್ಚಳ ಎತ್ತುತ್ತಾರೆ. ಒಳಗೆಲ್ಲ ಕುಂಕುಮ.

"ಒಣ ಕುಂಕುಮ ಆಗಿದ್ರೆ ಊದಿದ್ರೆ ಹೋಗೋದು. ಇದು ಒದ್ದೆಯಾಗಿ ಮೆತ್ಕೊಂಡಿದೆ" ಎಂದು ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳು ಕೆಂಪಾಗಿ ಅಂಟಿಕೊಂಡಿವೆ. ಬೆರಳಲ್ಲಿ ನೂಕಿದರೂ ತಿರುಗುವುದಿಲ್ಲ.

ಡಬ್ಬಿ ಶಿವಮೊಗ್ಗ ವಿದ್ಯಾನಗರದ ಫೋಟೊ ಸ್ಟುಡಿಯೋ ಒಂದರದು. ಶ್ರಾವಣದಲ್ಲಿ ಗೋಪಾಳದ ಮನೆಯೊಂದರಲ್ಲಿ ನಡೆದ ಮದುವೆಯ ಫೋಟೊಗಳು ಅದರಲ್ಲಿ ಮಾತ್ರ ಇವೆ. ಕ್ಯಾಮೆರಾದ ಕಾರ್ಡು ಆಗಲೇ ಬೇರೆ ಮದುವೆಗೆ ಖಾಲಿಯಾಗಿದೆ. ಹುಡುಗಿಯ ಮನೆಯವರು ಆಲ್ಬಂಗೆ ಫೋಟೊ ಆರಿಸಲು ಈ ಸಂಜೆಯೇ ಸ್ಟುಡಿಯೋಗೆ ಬರುತ್ತಾರೆ.

ಅಂಗಡಿಯ ಎರಡು ಮೂರು ಕಂಪ್ಯೂಟರುಗಳು ತಂತಿಯ ಮೂಲಕ ಹಂಚಿಕೊಂಡು ಬಳಸುವ ಕಪಾಟು ಎಂದರೆ ಈ ಡಬ್ಬಿ ಏನೆಂದು ತಿಳಿಯುತ್ತದೆ. ನೆಟ್‌ವರ್ಕ್ ಸ್ಟೋರೇಜ್ ಎಂಬ ಹೆಸರಿನಲ್ಲಿ ಬರುವ ಅಗ್ಗದ ಮಾಲು. ಒಳಗೆ ಒಂದು ಹಾರ್ಡ್ ಡಿಸ್ಕ್, ಅಂಗೈಯಗಲದ ಒಂದು ಬೋರ್ಡು, ಅಷ್ಟೆ. ಮನೆ ಬಳಕೆಗೆ ಮಾಡಿದ ಇದನ್ನು ಸ್ಟುಡಿಯೋಗಳು, ಡಿಟಿಪಿ ಅಂಗಡಿಗಳು ದಿನವಿಡೀ ಓಡಿಸುತ್ತವೆ. ಬೇಸಿಗೆಯಲ್ಲಿ ಅದು ಮುಟ್ಟಲಾಗದಷ್ಟು ಕಾಯುತ್ತದೆ. ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲು ಪ್ರಶ್ನೆಚಿಹ್ನೆಗಳಾಗಿ ಕಾಣುತ್ತದೆ.

ಈಶ್ವರಮ್ಮ ಮೂರನ್ನೂ ಸರಿಪಡಿಸುತ್ತಾರೆ. ಮುಚ್ಚಳಕ್ಕೆ ತೂತು ಕೊರೆದು ಹಳೆಯ ಕಂಪ್ಯೂಟರಿನ ಫ್ಯಾನು ಕೂರಿಸುತ್ತಾರೆ. ಕರೆಂಟು ಬಂದ ತಕ್ಷಣ ಡಬ್ಬಿ ತಾನೇ ಏಳುವಂತೆ ಬೋರ್ಡಿಗೆ ಬೆಸುಗೆ ಹಾಕುತ್ತಾರೆ. ಕನ್ನಡದ ಹೆಸರು ಸರಿಯಾಗಿ ಕಾಣಲೆಂದು ಕಂಪನಿಯ ಸಾಫ್ಟ್‌ವೇರ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕುತ್ತಾರೆ. ಡಬ್ಬಿ ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂಬುದನ್ನು ಮೊದಲೇ ಹೇಳುತ್ತಾರೆ. "ಗ್ಯಾರಂಟಿ ಕಾರ್ಡಿಗೆ ಸೆಕೆ ಆಗಲ್ಲ, ಡಿಸ್ಕಿಗೆ ಆಗುತ್ತೆ ಅಂತೀನಿ. ಆಮೇಲೆ ಅವರಿಷ್ಟ."

ಈಶ್ವರಮ್ಮನಿಗೆ ಈಗ ನಲವತ್ತೊಂದು. ಐಟಿಐ ಮುಗಿಸಿ ಸ್ಟೆಬಿಲೈಜರ್ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಬೆಸುಗೆ ಕೆಲಸಕ್ಕಿದ್ದರು. ಘಟಕ 2001ರಲ್ಲಿ ಮುಚ್ಚಿತು. ಮನೆಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಶುರುಮಾಡಿದರು. ಸಿ.ಡಿ. ಬಂದು ಅದೂ ನಿಂತಿತು. ಲಿನಕ್ಸ್ ಕಲಿತದ್ದು ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ, ಉಳಿದದ್ದು ಸೈಬರ್ ಸೆಂಟರಿನಲ್ಲಿ. "ಇಂಗ್ಲಿಷು ನಿಧಾನಕ್ಕೆ ಓದ್ತೀನಿ. ಮೊದ್ಲು ಎರಡು ಡಬ್ಬಿ ಕೆಡಿಸಿದೀನಿ. ಎರಡೂ ನಮ್ಮದೇ, ಗಿರಾಕಿದಲ್ಲ."

ಗಂಡ ಜಟ್ಟಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಮೊದಲ ಶಿಫ್ಟಿಗೆ ಹೊರಟವರು ಬಾಗಿಲಲ್ಲಿ ನಿಲ್ಲುತ್ತಾರೆ. "ಮಾರಾಯ್ತಿ, ಕಂಡೋರ ಮದುವೆ ನೋಡ್ತಾ ಕೂತ್ರೆ ನನ್ನ ಬುತ್ತಿ ಕಟ್ಟೋರು ಯಾರು?"

"ಸೈಕಲ್ಲಿಗೇ ನೇತು ಹಾಕಿದೀನಿ. ಕಣ್ಣು ಬಿಟ್ಟು ನೋಡಿ."

ಏಳೂವರೆಯ ಹೊತ್ತಿಗೆ ಸ್ಟುಡಿಯೋ ಮಾಲೀಕ ಷಡಕ್ಷರಪ್ಪ ಬಸ್ಸಿಳಿದು ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ "ಬದುಕಿದೆಯಾ?" ಎನ್ನುತ್ತಾರೆ.

"ಬೋರ್ಡ್ ಹೋಗಿದೆ. ಡಿಸ್ಕ್ ಇನ್ನೂ ನೋಡಿಲ್ಲ. ಪೂಜೆ ಹೆಂಗೆ ಮಾಡಿದ್ರಿ ಷಡಕ್ಷರಪ್ಪೋರೆ?"

ಆಯುಧ ಪೂಜೆ ಕಳೆದ ಶನಿವಾರ ನಡೆದಿದೆ. ಕ್ಯಾಮೆರಾ, ಕಂಪ್ಯೂಟರು, ಪ್ರಿಂಟರುಗಳ ಜೊತೆ ಡಬ್ಬಿಗೂ ಕುಂಕುಮ ಇಟ್ಟು, ಮಾವಿನೆಲೆಯಿಂದ ನೀರು ಚಿಮುಕಿಸಿದ್ದಾರೆ. ಕ್ಯಾಮೆರಾದ ಮೇಲೆ ಬಟ್ಟೆ ಹೊದಿಸಿದ್ದರು, ಡಬ್ಬಿಗೆ ಇಲ್ಲ. "ಅದರ ಹಸಿರು ಲೈಟು ಉರೀತಾ ಇತ್ತು. ಪೂಜೆ ಹೊತ್ತಲ್ಲಿ ದೀಪ ಆರಿಸೋದು ಯಾಕೆ ಅಂತ ಆಫ್ ಮಾಡ್ಲಿಲ್ಲ" ಎನ್ನುತ್ತಾರೆ ಷಡಕ್ಷರಪ್ಪ. ಮೇಲೆ ಬಿದ್ದದ್ದನ್ನೆಲ್ಲ ಓಡುತ್ತಿದ್ದ ಫ್ಯಾನು ಒಳಗೆ ಎಳೆದುಕೊಂಡಿದೆ.

"ಅಲ್ಲ ಈಶ್ವರಮ್ಮ, ನೀವು ತೂತು ಕೊರೀದೇ ಇದ್ದಿದ್ರೆ ಒಳಗೆ ಹೋಗ್ತಿತ್ತಾ?"

"ಕೊರೀದೇ ಇದ್ದಿದ್ರೆ ಏಪ್ರಿಲ್‌ನಲ್ಲೇ ಸುಟ್ಟಿರೋದು." ಮುಚ್ಚಳ ತಿರುಗಿಸಿ ನೋಡಿ ಸೇರಿಸುತ್ತಾರೆ: "ಮೇಲ್ಗಡೆ ಕೊರೆದಿದ್ದು ಮಾತ್ರ ನನ್ನ ತಪ್ಪು."

ಡಿಸ್ಕನ್ನು ಹೊರತೆಗೆದು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡಿಸ್ಕಿನ ಅಡಿಗಿರುವ ಅದರದೇ ಪುಟ್ಟ ಬೋರ್ಡನ್ನು ಉಜ್ಜುತ್ತಾರೆ. ಒಣಗಲು ಬಿಡುತ್ತಾರೆ. ಷಡಕ್ಷರಪ್ಪ ಗ್ಯಾಸ್ ಒಲೆಯ ಮೇಲೆ ಹಿಡಿದರೆ ಬೇಗ ಒಣಗುವುದಿಲ್ಲವೇ ಎಂದು ಕೇಳುತ್ತಾರೆ. "ಹಪ್ಪಳ ಅಲ್ಲ ಅದು. ಕಾಫಿ ಕುಡೀರಿ."

ಸ್ಟುಡಿಯೋದ ಕಂಪ್ಯೂಟರು ಲಿನಕ್ಸ್ ಹಾಕಿದ ಈ ಡಿಸ್ಕನ್ನು ನೇರವಾಗಿ ಓದುವುದಿಲ್ಲ. ಈಶ್ವರಮ್ಮ ಅದನ್ನು ತಮ್ಮ ಪ್ರಯೋಗದ ಡಬ್ಬಿಯಲ್ಲಿ ಕೂರಿಸಿ ಸ್ವಿಚ್ ಹಾಕುತ್ತಾರೆ. ಡಿಸ್ಕ್ ತಿರುಗುವ ಸದ್ದು ಕೇಳಿಸುತ್ತದೆ. ಪರದೆಯ ಮೇಲೆ ಗೋಪಾಳದ ಮದುವೆಯ ಫೋಲ್ಡರು ಕನ್ನಡದಲ್ಲೇ ಕಾಣುತ್ತದೆ. ಫೋಟೊಗಳು ಇನ್ನೊಂದು ಡಿಸ್ಕಿಗೆ ಇಳಿಯತೊಡಗುತ್ತವೆ: ಚಪ್ಪರ, ಅರಿಸಿನ, ಧಾರೆ, ಊಟದ ಪಂಕ್ತಿ. ಕಡೆಯ ಫೋಲ್ಡರಿನಲ್ಲಿ ಡಿಸ್ಕು ಟಕ್ ಟಕ್ ಎಂದು ನಿಲ್ಲುತ್ತದೆ. ಸ್ವಿಚ್ ಆರಿಸಿ, ಹಾಕಿ, ಮತ್ತೆ ನೋಡುತ್ತಾರೆ. ಹೆಣ್ಣು ಒಪ್ಪಿಸುವ ಶಾಸ್ತ್ರದ ಫೋಟೊಗಳು ಬರುವುದಿಲ್ಲ.

ಷಡಕ್ಷರಪ್ಪ ಲೋಟ ಕೆಳಗಿಡುತ್ತಾರೆ. "ಹುಡುಗಿ ಅಮ್ಮ ಅದನ್ನೇ ಮೊದಲು ಕೇಳೋದು. ಡಿಸ್ಕ್ ತಾನಾಗೇ ಹಾಳಾಯ್ತು ಅಂದ್ಬಿಡ್ಲಾ?"

"ಬೇಡ. ನೀರು ಹಾಕಿದ್ದು ನೀವು ಹೇಳಿ. ತೂತು ಮೇಲೆ ಕೊರೆದಿದ್ದು ನಾನು ಬಂದು ಹೇಳ್ತೀನಿ."

"ನಿಮ್ಮನ್ಯಾಕೆ ಬೈಸ್ಲಿ?"

"ನಾಳೆ ಇನ್ನೊಂದು ಸ್ಟುಡಿಯೋದವರು ಡಬ್ಬಿ ತರ್ತಾರೆ. ಅವರ ಮುಖ ನೋಡ್ಬೇಕಲ್ಲ."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಶಿವಮೊಗ್ಗಕ್ಕೆ ಹೋದರು. ಸಂಜೆ ಹುಡುಗಿಯ ತಾಯಿ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಒಂದು ಫೋಟೊವನ್ನೂ ಆರಿಸದೆ ಎದ್ದು ಹೋದರು. ಎರಡು ದಿನ ಬಿಟ್ಟು ಬಂದು ಆರಿಸಿದರು. ಮರುವಾರ ಷಡಕ್ಷರಪ್ಪ ಹೊಸ ಡಬ್ಬಿಯೊಂದನ್ನು ನ್ಯೂ ಟೌನ್‌ಗೆ ತಂದುಕೊಟ್ಟರು. ಈಶ್ವರಮ್ಮ ಅದರ ತಳಕ್ಕೆ ತೂತು ಕೊರೆದರು.