ನಾರ್ಫಕ್ ದಾರಿ ಬರೆದ ರುಖ್ಸಾರ್

ರುಖ್ಸಾರ್ ಇಂಗ್ಲೆಂಡನ್ನು ಕಣ್ಣಾರೆ ನೋಡಿರಲಿಲ್ಲ. ಆದರೂ ಅದರ ಪೂರ್ವ ಕರಾವಳಿಯ ನಾರ್ಫಕ್ ಸೀಮೆಯಲ್ಲಿ ಯಾವ ಓಣಿ ಎಲ್ಲಿ ತಿರುಗುತ್ತದೆ, ಯಾವ ಹಳ್ಳಿಯ ಚಹಾದಂಗಡಿ ಸೋಮವಾರ ಮುಚ್ಚಿರುತ್ತದೆ ಎಂಬುದನ್ನೆಲ್ಲ ಅಮೆರಿಕದ ಪಶ್ಚಿಮ ತೀರದ ಕ್ರಾಸ್‌ರೋಡ್ಸ್‌ನ ಎರಡನೇ ಮಹಡಿಯ ಮನೆಯಲ್ಲಿ ಕೂತೇ ಹೇಳಬಲ್ಲವಳಾಗಿದ್ದಳು.

ಅವಳು ಮೈಸೂರಿನವಳು. ಮನೆಗೆ ಹತ್ತಿರದ ರೆಡ್ಮಂಡ್‌ನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ನಕ್ಷೆಗಳ ತಪ್ಪು ಹುಡುಕುವ ಕೆಲಸ ಮಾಡಿದ್ದಳು. ಅವಳ ನಲವತ್ತಾರನೇ ವಯಸ್ಸಿನಲ್ಲಿ ಗಂಡ ಶಾದಾಬ್ ಆರು ವಾರದ ಕಾಯಿಲೆಯಲ್ಲಿ ತೀರಿಕೊಂಡ. ಅದೇ ವರ್ಷ ಕಂಪನಿ ಅವಳ ತಂಡವನ್ನೂ ಮುಚ್ಚಿತು, ಕೆಲಸ ಹೋಯಿತು. ದಫನ್ ಆದ ದಿನ ಮನೆಗೆ ಬಂದವಳು ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟಳು. ಅವಳು ಅಳುತ್ತಾಳೆಂದು ಬಂದವರೆಲ್ಲ ಕಾದರು. ಅವಳೂ ಕಾದಳು. ಅಳು ಬರಲಿಲ್ಲ. ಆಮೇಲೆ ನಗು, ಸಿಟ್ಟು, ಬೇರೆ ಏನೂ ಬರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಮಗಳು ಅನಮ್‌ಳನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತಿತ್ತು.

ಅಂಥ ದಿನಗಳಲ್ಲಿ ಸಿಕ್ಕಿದ್ದು ಈ ಕೆಲಸ. ಇಂಗ್ಲೆಂಡಿನ ಒಬ್ಬ ವಯಸ್ಸಾದ ಹೆಂಗಸು ಸೈಕಲ್ ಪ್ರವಾಸಗಳನ್ನು ನಡೆಸುತ್ತಿದ್ದಳು. ಬಂದವರು ದಿನಕ್ಕೆ ಇಪ್ಪತ್ತೈದು ಮೂವತ್ತು ಮೈಲಿ ಸೈಕಲ್ ತುಳಿಯುವುದು, ಅವರ ಪೆಟ್ಟಿಗೆಗಳು ವ್ಯಾನಿನಲ್ಲಿ ಮುಂದಿನ ಊರಿನ ವಸತಿಗೃಹಕ್ಕೆ ಹೋಗುವುದು. ಅವರ ಕೈಗೆ ಕೊಡುವ ದಾರಿಹಾಳೆಯನ್ನು ರುಖ್ಸಾರ್ ಬರೆಯಬೇಕು. ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಿಗ್ಗೆ. ಆದ್ದರಿಂದ ಅಲ್ಲಿಯ ಆಫೀಸು ಮುಚ್ಚಿದ ಮೇಲೆ ದಾರಿ ತಪ್ಪಿದವರ ಫೋನುಗಳನ್ನೂ ಅವಳೇ ತೆಗೆದುಕೊಳ್ಳಬೇಕು. ಅವಳ ನಂಬರು ಪ್ರತಿ ಹಾಳೆಯ ತಲೆಯಲ್ಲೇ ಇರುತ್ತಿತ್ತು.

ಅವಳು ಉಪಗ್ರಹ ಚಿತ್ರಗಳನ್ನೂ ರಸ್ತೆಯ ಫೋಟೋಗಳನ್ನೂ ತೆರೆದಿಟ್ಟುಕೊಂಡು ಬರೆಯುತ್ತಿದ್ದಳು. ಹನ್ನೊಂದನೇ ತಿರುವು: ಬಿಳಿ ಗೇಟಿನ ಬಳಿ ಬಲಕ್ಕೆ. ಹನ್ನೆರಡು: ಕೊಟ್ಟಿಗೆ ದಾಟಿ ನೇರ, ಮೃದುವಾದ ಏರು. ಹಸಿರು ಹೊಲ, ಗಿಡಬೇಲಿ, ಹಳೇ ಚರ್ಚು, ಕೊನೆಗೆ ಸಮುದ್ರ. ನೋಡಿದವರು ಎಷ್ಟು ಚೆನ್ನ ಅನ್ನುತ್ತಿದ್ದರು. ರುಖ್ಸಾರ್‌ಗೆ ಅದು ಚೆನ್ನಾದದ್ದೂ ಅಲ್ಲ, ಕೆಟ್ಟದ್ದೂ ಅಲ್ಲ. ಮಧ್ಯಾಹ್ನದ ತನಕ ಹೊತ್ತು ಹೋಗುತ್ತಿತ್ತು.

ರುಖ್ಸಾರ್ ಮನೆಗೆ ಹತ್ತಿರದ ಮರ್ಸರ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಜಾನಕಿ ಮತ್ತು ಸುಬ್ಬಣ್ಣ ಎಂಬ ಗಂಡಹೆಂಡಿರಿದ್ದರು. ಅವರೂ ಮೈಸೂರಿನ ಕಡೆಯವರೇ, ಅರವತ್ತು ದಾಟಿದವರು. ಸುಬ್ಬಣ್ಣ ನಿವೃತ್ತನಾದ ಮೇಲೆ ದ್ವೀಪದ ಸುತ್ತ ಸೈಕಲ್ ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದ. ಕ್ರಾಸ್‌ರೋಡ್ಸ್ ಮಾಲ್‌ನಲ್ಲಿ ಕಾಫಿ ಕುಡಿಯುವಾಗ ರುಖ್ಸಾರ್‌ಳ ಕೆಲಸದ ವಿಚಾರ ಕೇಳಿ, "ನೀನು ಬರೆದ ದಾರೀಲೇ ಹೋಗ್ತೀವಮ್ಮ," ಎಂದ. ಮೇ ತಿಂಗಳಲ್ಲಿ ಇಬ್ಬರೂ ಹೊರಟೇಬಿಟ್ಟರು. ಮೊದಲ ಎರಡು ದಿನ ಜಾನಕಿ ಫೋಟೋ ಕಳಿಸಿದಳು. ಇಲ್ಲಿ ನಮ್ಮ ಮೈಸೂರ ಥರಾನೇ ಎಡಗಡೆ ಹೋಗ್ಬೇಕು, ಇವರು ಒಂದೊಂದ್ಸಲ ಮರ್ತು ಬಲಕ್ಕೆ ಎಳೀತಾರೆ ಎಂದು ಬರೆದಿದ್ದಳು.

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಅಲ್ಲಿ ಸಂಜೆ ಆರು.

"ರುಖ್ಸಾರ್, ನಾನು ಜಾನಕಿ. ಇವರು ಸೈಕಲಿಂದ ಇಳಿದು ಕೂತ್ಬಿಟ್ಟಿದಾರೆ. ಎದೆ ಹಿಡ್ಕೊಂಡಿದಾರೆ. ಮೈಯೆಲ್ಲಾ ಬೆವರು."

"ಮಾತಾಡ್ತಿದಾರಾ ಆಂಟಿ?"

"ಆಡ್ತಿದಾರೆ. ಗ್ಯಾಸು, ಏನಿಲ್ಲ ಅಂತಾರೆ."

"ಗ್ಯಾಸ್ ಅಂತ ಬಿಡ್ಬೇಡಿ. ಒರಗಿಸಿ ಕೂರ್ಸಿ, ಎಬ್ಬಿಸಿ ನಡೆಸ್ಬೇಡಿ. ಎಲ್ಲಿದೀರಿ ಈಗ?"

"ಗೊತ್ತಿಲ್ವಲ್ಲಾ! ಎರಡು ಕಡೆನೂ ಬೇಲಿ. ಮ್ಯಾಪ್ ಓಪನ್ ಆಗ್ತಿಲ್ಲ. ಒಂದು ಬೋರ್ಡಿಲ್ಲ, ಒಂದು ನರಪಿಳ್ಳೆ ಇಲ್ಲ."

ರುಖ್ಸಾರ್ ಮೂರನೇ ದಿನದ ಹಾಳೆಯನ್ನು ತೆರೆದಳು. "ಆಂಟಿ, ಚರ್ಚ್ ಗೋಪುರ ಏನಾದ್ರೂ ಕಾಣ್ಸತ್ತಾ?"

"ದೂರದಲ್ಲಿ ಒಂದಿದೆ."

"ದುಂಡಗಿದ್ಯಾ, ಚೌಕವಾಗಿದ್ಯಾ?"

"ದುಂಡಗೆ. ನೀರಿನ ಟ್ಯಾಂಕ್ ಥರ."

"ನಿಮಗೆ ಯಾವ ಕಡೆ ಇದೆ?"

"ಎಡಗಡೆ."

ಸರಿಯಾದ ದಾರಿಯಲ್ಲಿದ್ದಿದ್ದರೆ ಅದು ಬಲಗಡೆ ಇರಬೇಕಿತ್ತು. ಹದಿನಾಲ್ಕನೇ ತಿರುವನ್ನು ಬಿಟ್ಟು ನೇರ ಹೋಗಿದ್ದಾರೆ. "ಸ್ವಲ್ಪ ಹಿಂದೆ ಗೋಡೆಯೊಳಗೇ ಕೂರಿಸಿದ ಕೆಂಪು ಪೋಸ್ಟ್ ಬಾಕ್ಸ್ ಸಿಕ್ತಾ?"

"ಸಿಕ್ತು! ಇವರು ಫೋಟೋ ತೆಗೆದ್ರು."

"ಅದಾದ್ಮೇಲೆ ಇಳಿಜಾರು ಬಂತಾ?"

"ಬಂತು. ಇಳಿದು ಹತ್ತೋ ಹೊತ್ಗೇ ಹೀಗಾಗಿದ್ದು."

ಅಷ್ಟು ಸಾಕಾಯಿತು. ಫೋನನ್ನು ಸ್ಪೀಕರಿಗೆ ಹಾಕಿ, ಲ್ಯಾಪ್‌ಟಾಪಿನಿಂದ ಪ್ರವಾಸ ಕಂಪನಿಯ ಒಡತಿಗೆ ಕರೆ ಮಾಡಿ ಓಣಿಯ ಹೆಸರು, ಇಳಿಜಾರಿನ ಗುರುತು, ಹತ್ತಿರದ ಹೊಲದ ಗೇಟು ಎಲ್ಲವನ್ನೂ ಹೇಳಿದಳು. ಒಡತಿ ಆಂಬುಲೆನ್ಸಿಗೆ ತಿಳಿಸಿದಳು. ಅದು ಬರಲು ಮೂವತ್ತೈದು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ರುಖ್ಸಾರ್ ಜಾನಕಿಯನ್ನು ಮಾತಾಡಿಸುತ್ತಲೇ ಇದ್ದಳು. ಕಾಲರ್ ಗುಂಡಿ ಬಿಚ್ಚಿ. ಮಂಡಿ ಮಡಿಸಿ ಕೂರಿಸಿ. ನಿಮ್ಮ ಜಾಕೆಟ್ ಹೊದಿಸಿ. ನಡುವೆ ಸುಬ್ಬಣ್ಣನೇ ಫೋನು ಇಸಿದುಕೊಂಡ.

"ನಿನ್ನ ಹಾಳೇಲಿ ತಪ್ಪಿಲ್ಲಮ್ಮ," ಎಂದ, ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡು. "ತಿರುವು ಬಿಟ್ಟಿದ್ದು ನಾನೇ."

"ಮಾತಾಡ್ಬೇಡಿ ಅಂಕಲ್. ಸುಮ್ನೆ ಕೂತ್ಕೊಳ್ಳಿ."

ಆಮೇಲೆ ಬೇರೆ ದನಿಗಳು ಕೇಳಿದವು, ಬಾಗಿಲು ಹಾಕಿದ ಸದ್ದು ಕೇಳಿತು, ಫೋನು ಕಟ್ಟಾಯಿತು. ರುಖ್ಸಾರ್ ನಾಲ್ಕನೇ ದಿನದ ಹಾಳೆಯಲ್ಲಿ ಬಾಕಿಯಿದ್ದ ತಿದ್ದುಪಡಿಯನ್ನು ಮುಗಿಸಿದಳು.

ಸುಬ್ಬಣ್ಣ ಬದುಕಿದ. ಎರಡು ಸ್ಟೆಂಟ್ ಹಾಕಿದರು. ಗಂಡಹೆಂಡಿರು ತಿಂಗಳಾದ ಮೇಲೆ ಊರಿಗೆ ಬಂದು, ಮೊದಲು ರುಖ್ಸಾರ್‌ಳ ಮನೆಗೇ ಬಂದರು. ಜಾನಕಿ ಅವಳ ಎರಡೂ ಕೈ ಹಿಡಿದುಕೊಂಡು, "ಅಷ್ಟು ಧೈರ್ಯ ಎಲ್ಲಿಂದ ಬಂತು ನಿಂಗೆ? ನಿನ್ನ ದನಿ ಒಂಚೂರೂ ನಡುಗ್ಲಿಲ್ಲ," ಎಂದಳು.

ರುಖ್ಸಾರ್ ಇಬ್ಬರಿಗೂ ಚಹಾ ತಂದಿಟ್ಟಳು. ಅವರು ಹೋದ ಮೇಲೆ ಅನಮ್, "ಯು ಸೇವ್ಡ್ ಹಿಮ್, ಅಮ್ಮೀ. ಆರೆಂಟ್ ಯು ಹ್ಯಾಪಿ?" ಎಂದು ಕೇಳಿದಳು. ಸಂತೋಷವಾಗಿದೆಯೇ ಎಂದು ರುಖ್ಸಾರ್ ಪ್ರಾಮಾಣಿಕವಾಗಿ ಹುಡುಕಿ ನೋಡಿದಳು. ದನಿ ನಡುಗದಿದ್ದದ್ದು ಧೈರ್ಯದಿಂದಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಆ ಮುದುಕ ಆ ಬೇಲಿಯ ಬುಡದಲ್ಲೇ ಸತ್ತಿದ್ದರೂ ತಾನು ನಾಲ್ಕನೇ ದಿನದ ಹಾಳೆಯನ್ನು ಹಾಗೇ ಮುಗಿಸುತ್ತಿದ್ದೆನೇನೋ. ಆ ಯೋಚನೆಗೆ ಭಯವಾಗಬೇಕಿತ್ತು. ಆಗಲಿಲ್ಲ.

"ಒಳ್ಳೇದಾಯ್ತು," ಎಂದಷ್ಟೇ ಅಂದಳು.

ಚಳಿಗಾಲ ಕಳೆಯುತ್ತಿದ್ದಂತೆ ಜಾನಕಿ ಒಂದು ಭಾನುವಾರ ಮತ್ತೆ ಬಂದಳು. "ಉಳಿದಿರೋ ಮೂರು ದಿನ ನಾನು ಮುಗಿಸ್ಬೇಕು. ಇವರಿಗೆ ಡಾಕ್ಟ್ರು ತುಳೀಬೇಡಿ ಅಂದಿದಾರೆ, ವ್ಯಾನಲ್ಲಿ ಬರ್ತಾರಂತೆ. ನೀನು ನನ್ನ ಜೊತೆ ಬಾ."

"ಸೈಕಲ್ ಮುಟ್ಟಿ ಮೂವತ್ತು ವರ್ಷ ಆಯ್ತು ಆಂಟಿ."

"ಸೈಕಲ್ ನಮ್ಮನೇಲಿದೆ. ನಾಳೆಯಿಂದ ಬಾ."

ಬೇಡ ಅನ್ನುವುದಕ್ಕೂ ಮನಸ್ಸು ಇಲ್ಲದ್ದರಿಂದ ರುಖ್ಸಾರ್ ಹೋದಳು. ವಾರಕ್ಕೆ ಮೂರು ದಿನ ಮರ್ಸರ್ ಐಲ್ಯಾಂಡ್‌ನ ಅಂಚಿನ ರಸ್ತೆಯಲ್ಲಿ ಇಬ್ಬರೂ ಸುತ್ತು ಹೊಡೆದರು. ಮೊದಲ ದಿನ ಒಂದು ಲೆಟರ್ ಬಾಕ್ಸಿಗೆ ಗುದ್ದಿ ಬಿದ್ದು ಮೊಣಕೈ ತರಚಿತು. ಏಪ್ರಿಲ್ ಹೊತ್ತಿಗೆ ಪೂರ್ತಿ ಸುತ್ತು ನಿಲ್ಲದೆ ಬರುವಂತಾದಳು.

ಆ ಮೇ ತಿಂಗಳಲ್ಲಿ ಅವಳು ತಾನು ಬರೆದ ದಾರಿಯನ್ನು ಮೊದಲ ಸಲ ಕಂಡಳು. ಎಲ್ಲವೂ ಹಾಳೆಯಲ್ಲಿದ್ದಂತೆಯೇ ಇತ್ತು. ಬಿಳಿ ಗೇಟು, ಕೊಟ್ಟಿಗೆ, ದುಂಡು ಗೋಪುರ. ಹದಿನಾಲ್ಕನೇ ತಿರುವನ್ನು ಈ ಸಲ ಬೇಕೆಂದೇ ಬಿಟ್ಟು ನೇರ ಹೋದರು. ಪೋಸ್ಟ್ ಬಾಕ್ಸ್ ದಾಟಿ, ಇಳಿಜಾರು ಇಳಿದು, ಜಾನಕಿ ಸೈಕಲ್ ನಿಲ್ಲಿಸಿದಳು.

"ಇಲ್ಲೇ," ಎಂದಳು. ಬೇಲಿಯ ತುಂಬ ಬಿಳಿ ಹೂವು ಬಿಟ್ಟಿತ್ತು. ಜಾನಕಿ ಅಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ರುಖ್ಸಾರ್ ಅವಳ ಸೈಕಲ್ಲನ್ನೂ ತನ್ನದನ್ನೂ ಬೀಳದಂತೆ ಹಿಡಿದುಕೊಂಡು ನಿಂತಿದ್ದಳು. ಇಲ್ಲಿಗೆ ಬಂದರೆ ತನ್ನೊಳಗೂ ಏನಾದರೂ ಒಡೆಯಬಹುದು ಎಂದು ವಿಮಾನದಲ್ಲಿ ಒಮ್ಮೆ ಅನ್ನಿಸಿತ್ತು. ಹಸುವಿನ ಸಗಣಿಯ ವಾಸನೆ ಬರುತ್ತಿತ್ತು. ಎಲ್ಲೋ ಟ್ರ್ಯಾಕ್ಟರ್ ಓಡುತ್ತಿತ್ತು. ಅಷ್ಟೇ.

ಕೊನೆಯ ದಿನ ದಾರಿ ಸಮುದ್ರದ ಏರಿಯ ಮೇಲೆ ಸಾಗುತ್ತಿತ್ತು. ಅಲ್ಲಿ ಗಾಳಿಯಿತ್ತು. ಎರಡು ವರ್ಷ ದಿನಾ ನೋಡಿದ ಯಾವ ಚಿತ್ರದಲ್ಲೂ ಅದು ಇರಲಿಲ್ಲ. ಎದುರಿನಿಂದ ತಳ್ಳುತ್ತಿದ್ದ ಅದನ್ನು ಸೀಳಿಕೊಂಡು ಆರು ಮೈಲಿ ತುಳಿಯಲು ಎರಡು ತಾಸು ಹಿಡಿಯಿತು. ಆ ದಿನದ ಹಾಳೆಯಲ್ಲೂ ಅವಳು "ಮೃದುವಾದ ಏರು" ಎಂದು ಬರೆದಿದ್ದ ಕಡೆ ಇಬ್ಬರೂ ಇಳಿದು ಸೈಕಲ್ ತಳ್ಳಿದರು. ಮೇಲೆ ತಲುಪಿ ಹುಲ್ಲಿನ ಮೇಲೆ ಕುಸಿದು ಕೂತರು. ಕೆಳಗೆ ನೀರು ಬೂದಿ ಬಣ್ಣಕ್ಕಿತ್ತು.

"ಏನನ್ನಿಸ್ತು ಬಂದಿದ್ದು?" ಎಂದು ಜಾನಕಿ ಕೇಳಿದಳು.

"ಏನೂ ಅನ್ನಿಸ್ಲಿಲ್ಲ ಆಂಟಿ." ಶಾದಾಬ್ ಹೋದ ಮೇಲೆ ಇದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. "ಅವತ್ತು ನಿಮ್ಮ ಫೋನ್ ಬಂದಾಗ್ಲೂ ಏನೂ ಅನ್ನಿಸ್ಲಿಲ್ಲ. ನೀವು ಧೈರ್ಯ ಅಂದ್ರಿ. ಅದಲ್ಲ."

ಜಾನಕಿ ಅವಳ ಮುಖ ನೋಡಿದಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. "ಅನ್ನಿಸ್ದೇ ಇದ್ರೂ ಫೋನ್ ಇಡ್ಲಿಲ್ವಲ್ಲ ನೀನು," ಎಂದಳು. ಆಮೇಲೆ, "ಕಾಲು ನೋಯ್ತಿದ್ಯಾ?"

"ತುಂಬಾ ನೋಯ್ತಿದೆ."

"ನಂಗೂ," ಎಂದು ಜಾನಕಿ ಬೂಟು ಬಿಚ್ಚಿದಳು.

ಊರಿಗೆ ಮರಳಿದ ಮೇಲೆ ರುಖ್ಸಾರ್ ಮೊದಲು ಆ ಹಾಳೆಯನ್ನು ತಿದ್ದಿದಳು. "ಕಡಿದಾದ ಏರು. ಎದುರುಗಾಳಿ ಜೋರು. ಇಳಿದು ತಳ್ಳುವುದೇ ಒಳ್ಳೆಯದು." ಉಳಿದದ್ದು ದೊಡ್ಡದಾಗಿ ಬದಲಾಗಲಿಲ್ಲ. ಈಗಲೂ ಬೆಳಿಗ್ಗೆ ಫೋನು ತೆಗೆದುಕೊಳ್ಳುತ್ತಾಳೆ, ದಾರಿ ತಪ್ಪಿದವರಿಗೆ ದಾರಿ ಹೇಳುತ್ತಾಳೆ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಮರ್ಸರ್ ಐಲ್ಯಾಂಡ್‌ಗೆ ಹೋಗುತ್ತಾಳೆ. ಹೋದ ತಿಂಗಳು ಅನಮ್ ಕೂಡ ಜೊತೆಗೆ ಹೋಗಿದ್ದಳು. ಮುಂದೆ ಹೋಗುತ್ತಿದ್ದ ತಾಯಿ ತಿರುವಿನಲ್ಲಿ ಕೈ ತೋರಿಸಿ, "ಎಡಕ್ಕೆ, ಅನಮ್," ಎಂದು ಕೂಗಿದಳಂತೆ. ಅಮ್ಮನ ಅಷ್ಟು ಜೋರಾದ ದನಿಯನ್ನು ಅನಮ್ ಅಪ್ಪ ಹೋದ ಮೇಲೆ ಕೇಳಿರಲಿಲ್ಲವಂತೆ.